ಹಾಲೇಶಣ್ಣನಿಗೊಂದು ರೀಲು

ಹೊಲಿಗೆ ಯಂತ್ರದ ಎಣ್ಣೆಯ ವಾಸನೆ ಒಮ್ಮೆ ಬೆರಳಿಗೆ ಹತ್ತಿದರೆ ಯಾವ ಸೋಪಿಗೂ ಜಗ್ಗುವುದಿಲ್ಲ. ಇವತ್ತು ಶನಿವಾರ ಮಧ್ಯಾಹ್ನ ನಾಲ್ಕು ಹನಿ ಎಣ್ಣೆಗಾಗಿ ಹೆಂಡತಿಯ ಹೊಲಿಗೆ ಯಂತ್ರದ ಡ್ರಾಯರಿಗೆ ಕೈ ಹಾಕಿದೆ, ಸಿಕ್ಕಿಬಿದ್ದೆ, ಅನ್ನಿಸಿಕೊಂಡೆ. ಈಗ ನ್ಯಾಮತಿಯ ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಹಳೇ ಪೇಪರು ಹಾಸಿಕೊಂಡು ಕೂತಿದ್ದೇನೆ. ಪೇಪರಿನ ಮೇಲೆ ಮೀನು ಹಿಡಿಯುವ ಒಂದು ರೀಲು, ಅಂದರೆ ಗಾಳದ ದಾರ ಸುತ್ತುವ ಯಂತ್ರ, ಇದೆ. ಬೈಟ್‌ಕಾಸ್ಟಿಂಗ್ ರೀಲ್ ಎಂಬುದು ಅದರ ಪೂರ್ತಿ ಹೆಸರು. ಕೊಂಡವನು ನಾನು, ಆದರೆ ಅದು ನನ್ನದಲ್ಲ. ಬಿಚ್ಚಿ ಒರೆಸಿ ಎಣ್ಣೆ ಬಿಡುವ ಚಾಕರಿ ಮಾತ್ರ ನನ್ನದು.

ನನ್ನಂಥವನಿಗೆ ಮೀನಿನ ರೀಲು ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ನಮ್ಮ ಬಂಧುಗಳೆಲ್ಲ ಕೇಳಿ ಆಗಿದೆ. ನಾನು ಹುಟ್ಟಿದ್ದು ಜಗಳೂರಿನ ಕಡೆ. ನೀರು ಎಂದರೆ ಕೊಡದಲ್ಲಿ ಬಂದು ಹಂಡೆಯಲ್ಲಿ ಖಾಲಿಯಾಗುವ ಪದಾರ್ಥ ಎಂದು ತಿಳಿದು ಬೆಳೆದವನು. ಮೇಲಾಗಿ ಲಿಂಗ ಕಟ್ಟಿದ ಮನೆತನ. ತಿಂದ ಕೇಕಿನಲ್ಲಿ ಮೊಟ್ಟೆ ಇತ್ತೆಂದು ಆಮೇಲೆ ಗೊತ್ತಾದರೆ ನಮ್ಮವ್ವ ಹಿತ್ತಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬರುತ್ತಿದ್ದಳು. ಅಂಥ ಮನೆಯ ಮಗ ಗಣಿತದ ಮೇಷ್ಟ್ರಾಗಿ ನ್ಯಾಮತಿಗೆ ಬರುವಾಗ ಬಸ್ಸು ಹೊನ್ನಾಳಿ ಸೇತುವೆಯ ಮೇಲೆ ಬಂತು. ತುಂಬಿದ ತುಂಗಭದ್ರೆಯನ್ನು ಕಂಡು ಗಾಬರಿಯಾಗಿ ಎದ್ದು ನಿಂತೆ. ಕೂತು ನೋಡುವುದು ಮರ್ಯಾದೆಯಲ್ಲ ಅನ್ನಿಸಿತು. ತಿರುಗಿ ನೋಡುವಷ್ಟರಲ್ಲಿ ನನ್ನ ಸೀಟಿನಲ್ಲಿ ಬೇರೆಯವರು ಕೂತಿದ್ದರು.

ಆ ಹೊಳೆಯ ದಡದಲ್ಲಿ ನನ್ನನ್ನು ಕೂರಿಸಿದವರು ಹಾಲೇಶಣ್ಣ, ನಮ್ಮ ಹೈಸ್ಕೂಲಿನ ಅಟೆಂಡರು. ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯವರು. ಚಡ್ಡಿ ಹಾಕುವ ವಯಸ್ಸಿನಿಂದಲೂ ಭದ್ರಾ ನಾಲೆಯಲ್ಲಿ ಮೀನು ಹಿಡಿದವರು. ಅವರ ಸರಂಜಾಮು ಅಂದರೆ ಒಂದು ಲೀಟರಿನ ಖಾಲಿ ನೀರಿನ ಬಾಟಲಿ, ಅದಕ್ಕೆ ಸುತ್ತಿದ ನೈಲಾನ್ ದಾರ, ದಾರದ ತುದಿಗೆ ಗಾಳ ಮತ್ತು ಭಾರಕ್ಕೊಂದು ಹಳೇ ನಟ್ಟು. ಬಲಗೈಯಲ್ಲಿ ದಾರ ಹಿಡಿದು ನಟ್ಟನ್ನು ತಲೆಯ ಮೇಲೆ ಗಿರಗಿರನೆ ತಿರುಗಿಸಿ ಬಿಟ್ಟರೆ ಹೊಳೆಯ ನಡುಮಧ್ಯೆ ಹೋಗಿ ಬೀಳುತ್ತಿತ್ತು. ಎಡಗೈಯಲ್ಲಿದ್ದ ಬಾಟಲಿಯಿಂದ ದಾರ ತಾನಾಗಿಯೇ ಬಿಚ್ಚಿಕೊಂಡು ಹೋಗುವುದನ್ನು ನೋಡುವುದೇ ಒಂದು ಹಬ್ಬ. ನಾನು ಆಸೆಪಟ್ಟು ಕೊಂಡ ಬಣ್ಣದ ರಾಡು ಗಾಳವನ್ನು ನನ್ನ ಕಾಲಿನಿಂದ ಹತ್ತು ಮಾರು ದೂರಕ್ಕೆ ಮಾತ್ರ ಎಸೆಯುತ್ತಿತ್ತು.

"ನಿಮ್ಮ ಕೋಲು ಬಾಳ ಚಂದ ಐತೆ ಮೇಷ್ಟ್ರೇ," ಎನ್ನುತ್ತಿದ್ದರು ಹಾಲೇಶಣ್ಣ. "ಮೀನು ಇರೋ ತಾವ ಹೋಗಲ್ಲ, ಅಷ್ಟೇ."

ಹೀಗೆ ಎಷ್ಟು ಭಾನುವಾರಗಳೋ. ನನ್ನ ಸ್ಕೂಟರಿನಲ್ಲಿ ಹೋಗುವುದು, ಮಂಡಕ್ಕಿ ತಿನ್ನುತ್ತ ಕೂರುವುದು, ಬಿಸಿಲು ಏರಿದ ಮೇಲೆ ವಾಪಸು ಬರುವುದು. ಸಿಕ್ಕ ಮೀನೆಲ್ಲ ಅವರ ಮನೆಗೆ. ಗೋಡೆಯಲ್ಲಿ ಬುದ್ಧನ ಪಟವಿದ್ದ ಅವರ ಪಡಸಾಲೆಯಲ್ಲಿ ನನಗೆ ಬೆಲ್ಲದ ಚಹ. ಮನೆಗೆ ಬಂದರೆ ಹಿತ್ತಲಿನಲ್ಲೇ ಸ್ನಾನ, ಆಮೇಲೆಯೇ ಒಳಗೆ. ನನ್ನ ಹೆಂಡತಿಯ ಈ ಕಾನೂನಿಗೆ ತಿದ್ದುಪಡಿ ಇರಲಿಲ್ಲ. ತಿನ್ನದವನು ಯಾಕೆ ಹಿಡಿಯುತ್ತೀ ಎಂದು ಸ್ಟಾಫ್ ರೂಮಿನಲ್ಲಿ ಕೇಳುತ್ತಿದ್ದರು. ವಾರವಿಡೀ ಮಕ್ಕಳ ಮುಂದೆ ಬಡಬಡಿಸುವ ಬಾಯಿ ಹೊಳೆಯ ದಡದಲ್ಲಿ ಸುಮ್ಮನಿರುತ್ತಿತ್ತು, ಪಕ್ಕದಲ್ಲಿ ಇನ್ನೊಬ್ಬರು ಸುಮ್ಮನೆ ಕೂತಿರುತ್ತಿದ್ದರು.

ಇಷ್ಟೆಲ್ಲ ಚೆನ್ನಾಗಿದ್ದದ್ದನ್ನು ಹಾಳು ಮಾಡಿದವನು ನಾನೇ.

ಹೋದ ವರ್ಷ ಮೆಕ್ಕೆಜೋಳದ ಒಕ್ಕಣೆಯ ಕಾಲ. ನಮ್ಮ ಕಡೆ ಡಾಂಬರು ರಸ್ತೆ ಇರುವುದು ಅರ್ಧ ಬಸ್ಸಿಗೆ, ಅರ್ಧ ಜೋಳಕ್ಕೆ. ಹೊನ್ನಾಳಿಯ ದಾರಿಯಲ್ಲಿ ಫರ್ಲಾಂಗು ಉದ್ದಕ್ಕೆ ಕಾಳು ಹರವಿದ್ದರು, ಸುತ್ತ ಕಲ್ಲು ಇಟ್ಟಿದ್ದರು. ಹಿಂದೆ ಕೂತ ಹಾಲೇಶಣ್ಣ, "ಮೇಷ್ಟ್ರೇ, ಕೆಳಗೆ ಇಳಿಸ್ಕೊಂಡು ಹೋಗ್ರಿ, ಜಾರ್ತೈತೆ," ಎಂದರು. ನಾನು ದೊಡ್ಡ ಮನುಷ್ಯ, "ಜಗಳೂರಿನೋನಿಗೆ ಜೋಳದ ಪಾಠ ಮಾಡಬ್ಯಾಡ್ರಿ," ಎಂದು ಅಂಚಿನ ಕಾಳಿನ ಮೇಲೇ ಗಾಡಿ ಬಿಟ್ಟೆ. ಕಾಳು ಚಕ್ರದ ಕೆಳಗೆ ಉರುಳಿದವು. ನನ್ನ ಮೊಣಕಾಲು ತರಚಿತು. ಅವರು ಬಲಭುಜ ಅಡಿಯಾಗಿ ರಸ್ತೆಗೆ ಬಿದ್ದರು.

ದಾವಣಗೆರೆಯಲ್ಲಿ ಆಪರೇಷನ್ ಆಯಿತು. ಮೊಣಕೈಯಿಂದ ಕೆಳಗೆ ಏನೂ ತೊಂದರೆಯಿಲ್ಲ, ಬೆರಳುಗಳೆಲ್ಲ ಚೆನ್ನಾಗಿವೆ, ಆದರೆ ಆ ತೋಳು ಇನ್ನು ಎದೆಮಟ್ಟಕ್ಕಿಂತ ಮೇಲೆ ಏಳುವುದಿಲ್ಲ ಎಂದರು ಡಾಕ್ಟರು. ಎರಡು ತಿಂಗಳ ಮೇಲೆ ಹಾಲೇಶಣ್ಣ ಡ್ಯೂಟಿಗೆ ಬಂದರು. ಅಲ್ಲಿಯವರೆಗೆ ಬಲಗೈಯಲ್ಲಿ ಬಾರಿಸುತ್ತಿದ್ದ ಶಾಲೆಯ ಗಂಟೆಯನ್ನು ಎಡಗೈಯಲ್ಲಿ ಬಾರಿಸತೊಡಗಿದರು. ಬೇರೆ ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ನನಗೆ ಮಾತ್ರ ದಿನಕ್ಕೆ ಎಂಟು ಸಲ ತಿಳಿಯುತ್ತಿತ್ತು. ಗಂಟೆ ಬಾರಿಸುವ ಹೊತ್ತಿಗೆ ನಾನು ಬೋರ್ಡಿನ ಕಡೆ ತಿರುಗಿ ಏನಾದರೂ ಅಳಿಸುತ್ತ ನಿಲ್ಲುತ್ತಿದ್ದೆ.

ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅದೇ ಕಷ್ಟ. ಬೈದಿದ್ದರೆ ಬೈಸಿಕೊಂಡು ಹಗುರಾಗುತ್ತಿದ್ದೆ. ಹೊಳೆಯ ಹೆಸರನ್ನು ಅವರ ಮುಂದೆ ಎತ್ತಲೇ ಇಲ್ಲ ನಾನು. ಅವರ ಕೈ ಮುರಿದ ನಾನೇ ಹೋಗಿ ಗಾಳ ಹಾಕೋಣ ಬನ್ನಿ ಅನ್ನುವುದು ಗಾಯಕ್ಕೆ ಉಪ್ಪು ಸವರಿದಂತಲ್ಲವೇ? ರಾಡನ್ನು ಅಟ್ಟಕ್ಕೆ ಹಾಕಿದೆ. ಭಾನುವಾರ ಮನೆಯಲ್ಲೇ ಇರುವ ಗಂಡನನ್ನು ಕಂಡು ನನ್ನ ಹೆಂಡತಿ ಮೊದಲು ಖುಷಿಪಟ್ಟಳು, ಆಮೇಲೆ ಬೇಸತ್ತಳು.

ಒಂದು ದಿನ ಬಿಸಿಯೂಟದ ಹೊತ್ತಿಗೆ ಅಡುಗೆ ಕೋಣೆಯ ಮಾಡಿನ ಮೇಲೆ ಕೋತಿ ಬಂತು. ಹಾಲೇಶಣ್ಣ ಬಗ್ಗಿ ಒಂದು ಕಲ್ಲು ತೆಗೆದುಕೊಂಡು ಎಡಗೈಯಲ್ಲಿ ಬೀಸಿದರು. ಕಲ್ಲು ಕೋತಿಯ ಬಾಲದ ಪಕ್ಕದಲ್ಲೇ ಟಣ್ ಎಂದಿತು. ಮಕ್ಕಳು ಚಪ್ಪಾಳೆ ಹೊಡೆದರು. ನಾನು ಕೈಯಲ್ಲಿದ್ದ ಸೀಮೆಸುಣ್ಣವನ್ನು ಕೆಳಗೆ ಬೀಳಿಸಿದೆ. ಈ ಮನುಷ್ಯ ಎಡಗೈಯಲ್ಲಿ ಎಸೆಯಬಲ್ಲರು!

ಅಂದಿನಿಂದ ಮೂರು ತಿಂಗಳು ನಾನು ರೀಲಿನ ವಿದ್ಯಾರ್ಥಿ. ಬಾಟಲಿಯ ದಾರ ಸರಾಗವಾಗಿ ಬಿಚ್ಚಿಕೊಳ್ಳಲು ಬಾಟಲಿ ಹಿಡಿದ ಕೈಯೂ ಮೇಲೇಳಬೇಕು, ಆಗದು. ನನ್ನ ರಾಡಿನಲ್ಲಿದ್ದ ಸಾಮಾನ್ಯ ರೀಲಾದರೋ, ಪ್ರತಿ ಸಲ ಒಂದು ಕೈಯಿಂದ ದಾರ ತಡೆಯುವ ಕಂಬಿ ಎತ್ತಬೇಕು, ಇನ್ನೊಂದು ಕೈಯ ಬೆರಳಿಗೆ ದಾರ ಸಿಕ್ಕಿಸಬೇಕು. ಬೈಟ್‌ಕಾಸ್ಟಿಂಗ್ ರೀಲು ಹಾಗಲ್ಲ. ಅದು ರಾಡಿನ ಮೇಲೆ ಕೂರುತ್ತದೆ, ಹೆಬ್ಬೆರಳಿನಿಂದ ಒಂದು ಗುಂಡಿ ಒತ್ತಿ ಬೀಸಿದರೆ ಆಯಿತು, ಒಂದೇ ಕೈಯ ಕೆಲಸ. ಆದರೆ ದಾರ ಸುತ್ತಿದ ಉರುಳೆಯೇ ತಿರುಗುವ ಯಂತ್ರವಾದ್ದರಿಂದ, ಗಾಳ ನೀರಿಗೆ ಬಿದ್ದ ಮೇಲೂ ಅದು ತಿರುಗುತ್ತಿದ್ದರೆ ದಾರ ಗುಬ್ಬಿಯ ಗೂಡಾಗುತ್ತದೆ. ಅದನ್ನು ತಡೆಯುವುದು ಮತ್ತೆ ಹೆಬ್ಬೆರಳೇ. ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ನನ್ನ ತಲೆಯೇ ಗೂಡಾಯಿತು. ಒಬ್ಬ ಏಳು ಬೇರಿಂಗ್ ಸಾಕು ಎನ್ನುತ್ತಾನೆ, ಇನ್ನೊಬ್ಬ ಹನ್ನೆರಡಿಲ್ಲದಿದ್ದರೆ ಮುಟ್ಟಬೇಡ ಎನ್ನುತ್ತಾನೆ. ಬೆಲೆಯೋ, ಕೆಲವಕ್ಕೆ ಸ್ಕೂಟರನ್ನೇ ಮಾರಬೇಕು. ಮಾರಿದ್ದರೆ ಒಳ್ಳೆಯದೇ ಆಗುತ್ತಿತ್ತೇನೋ.

ಕೊನೆಗೆ ಹೊನ್ನಾಳಿಯಲ್ಲಿ ಬಲೆ, ಗಾಳ ಮಾರುವ ಸಾಬರ ಅಂಗಡಿಗೆ ಹೋದೆ. ಮುದುಕರು. ನಾನು ಬರೆದುಕೊಂಡು ಹೋಗಿದ್ದ ಚೀಟಿಯನ್ನು ಓದಿ ಮಡಚಿ ನನ್ನ ಜೇಬಿಗೇ ಹಾಕಿದರು.

"ಬೇರಿಂಗ್ ಎಣಿಸಬ್ಯಾಡ್ರಿ ಮೇಷ್ಟ್ರೇ. ಡಬ್ಬಿ ಮೇಲೆ ಹನ್ನೆರಡು ಅಂತಾರೆ, ಒಳಗೆ ನಾಕು ನೆಟ್ಟಗಿದ್ರೆ ಸಾಕು. ಹಿಡಿಕೆ ಹಿಂಗೆ ಅಲ್ಲಾಡಿಸ್ರಿ. ಲೊಡಲೊಡ ಅಂದ್ರೆ ವಾಪಸ್ ಇಟ್ಟುಬಿಡ್ರಿ."

"ಗೇರು ಎಷ್ಟರದ್ದು ತಗಳ್ಳಿ?"

"ಒಂದು ಸುತ್ತು ತಿರುವಿದ್ರೆ ಉರುಳೆ ಆರು ಸುತ್ತು ಬರೋದು ತಗೋರಿ. ಎಂಟರದ್ದು ಹುಡುಗರ ಶೋಕಿ. ಆರರದ್ದು ಸಣ್ಣ ಮೀನಿಗೂ ಆಗ್ತೈತೆ, ದೊಡ್ಡದಕ್ಕೂ ಆಗ್ತೈತೆ. ಪಕ್ಕದಾಗೆ ಉರುಳೆ ತಡಿಯೋ ಬ್ರೇಕಿನ ಚಕ್ರ ಇರಬೇಕು, ಹೊಸಬರಿಗೆ ಅದೇ ಆಧಾರ. ಹಿಡಿಕೆ ಯಾವ ಕಡೀದು ಕೊಡ್ಲಿ, ಎಡವಾ, ಬಲವಾ?"

ಈ ಪ್ರಶ್ನೆಗೆ ನಾನು ತಯಾರಾಗಿಯೇ ಹೋಗಿದ್ದೆ. "ಎಡ. ಅವ್ರಿಗೆ ಎಡಗೈಯೇ ಗಟ್ಟಿ."

ಸಾಬರು ಎದ್ದರು. ಮೂಲೆಯಲ್ಲಿದ್ದ ಪೊರಕೆ ತಂದು ನನ್ನ ಎಡಗೈಗೆ ಕೊಟ್ಟರು. "ಇದು ರಾಡು ಅಂದ್ಕಳ್ರಿ. ಎಡಗೈಲಿ ಬೀಸ್ರಿ. ಹಾಂ. ಈಗ ಎಡಗೈಲೇ ತಿರುವ್ರಿ ನೋಡಣ."

ಅಂಗಡಿಯ ಮುಂದೆ ಪೊರಕೆ ಹಿಡಿದು ನಿಂತ ಗಣಿತದ ಮೇಷ್ಟ್ರು ತಿರುವಲು ಕೈ ಹುಡುಕುತ್ತಿದ್ದುದನ್ನು ನಾಲ್ಕು ಜನ ನಿಂತು ನೋಡಿದರು. ಎಡಗೈ ರಾಡು ಹಿಡಿದರೆ ತಿರುವುವುದು ಬಲಗೈಯೇ. ಅದೂ ಸೊಂಟದ ಹತ್ತಿರ, ತೋಳು ಎತ್ತುವ ಕೆಲಸವೇ ಇಲ್ಲ. ಮೂರು ತಿಂಗಳು ಓದಿದವನಿಗೆ ಹೊಳೆಯದ್ದು ಪೊರಕೆಯಿಂದ ಹೊಳೆಯಿತು. ಬಲಹಿಡಿಕೆಯ, ಆರರ ಗೇರಿನ, ಲೊಡಲೊಡ ಅನ್ನದ, ಮೇಷ್ಟ್ರ ಸಂಬಳಕ್ಕೆ ತಡೆಯುವ ಒಂದು ರೀಲನ್ನು ಸಾಬರೇ ಆರಿಸಿ, ಗಿಡ್ಡ ರಾಡಿಗೆ ಕೂರಿಸಿ ಕೊಟ್ಟರು. ಮನೆಯ ತಾರಸಿಯಲ್ಲಿ ನಟ್ಟು ಕಟ್ಟಿ ಹದಿನೈದು ದಿನ ಅಭ್ಯಾಸ ಮಾಡಿದೆ. ಹೆಂಡತಿಯ ಒಂದು ಸೀರೆ ಹರಿದದ್ದು ಬಿಟ್ಟರೆ ಅನಾಹುತವೇನೂ ಆಗಲಿಲ್ಲ.

ಕೊಡುವುದು ಹೇಗೆ ಎನ್ನುವುದೇ ದೊಡ್ಡ ಸಮಸ್ಯೆಯಾಯಿತು. ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಹಾಲೇಶಣ್ಣನ ಸ್ಟೂಲಿನ ಮೇಲೆ ರೀಲು ಇಟ್ಟು, ಪರೀಕ್ಷೆಗೆ ಕೂತ ಹುಡುಗನ ಹಾಗೆ ಪಕ್ಕದಲ್ಲಿ ನಿಂತೆ. "ಒಂದು ಕೈಲೇ ಎಸಿಬಹುದಂತೆ. ನಾಡಿದ್ದು ಹೊಳೆಗೆ ಹೋಗಿ ನೋಡಣೇನು?" ಅವರು ರೀಲನ್ನು ತಿರುಗಿಸಿ ಮುರುಗಿಸಿ ನೋಡಿದರು. ನನ್ನ ಮುಖ ನೋಡಲಿಲ್ಲ. "ಬರ್ತೀನಿ," ಎಂದರು.

ಆ ಭಾನುವಾರ ಸ್ಕೂಟರನ್ನು ನಾನು ಹೇಗೆ ಓಡಿಸಿದೆನೆಂದರೆ, ಎಮ್ಮೆಗಳು ನಮ್ಮನ್ನು ಹಿಂದೆ ಹಾಕಿ ಹೋದವು. ದಡದಲ್ಲಿ ಅವರು ಮೊದಲ ಸಲ ಬೀಸಿದಾಗ ದಾರ ಗೂಡು ಕಟ್ಟಿತು. ಅರ್ಧ ಗಂಟೆ ಕೂತು ಬಿಡಿಸಿದೆ. ಎರಡನೆಯ ಸಲವೂ ಅದೇ. ನಾನು ಬ್ರೇಕಿನ ಚಕ್ರವನ್ನು ಪೂರ್ತಿ ಬಿಗಿ ಮಾಡಿದೆ. ಇದೂ ಆಗದಿದ್ದರೆ ಈ ಮನುಷ್ಯನಿಂದ ನಾನು ಎರಡನೆಯ ಸಲ ಹೊಳೆ ಕಿತ್ತುಕೊಂಡ ಹಾಗೆ ಎಂದುಕೊಂಡೆ. ಮೂರನೆಯ ಸಲ ಬೀಸಿದರು. ಉರುಳೆ ಸುಯ್ಯೆಂದಿತು, ದಾರ ಹೋಯಿತು, ಹೋಗುತ್ತಲೇ ಇತ್ತು, ದೂರದಲ್ಲಿ ನಟ್ಟು ಗುಳುಂ ಎಂದಿತು. ಅವರ ಬಲಗೈ ಸೊಂಟದ ಪಕ್ಕದಲ್ಲಿ ಹಿಡಿಕೆಯನ್ನು ತಾನಾಗಿಯೇ ಹುಡುಕಿಕೊಂಡು ನಿಧಾನಕ್ಕೆ ತಿರುವಿತು. ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ.

ಬಿಸಿಲು ಏರುವ ಹೊತ್ತಿಗೆ ಅಂಗೈಯಗಲದ ಒಂದು ಜಿಲೇಬಿ ಮೀನು ಸಿಕ್ಕಿತು. ಅದನ್ನು ಚೀಲಕ್ಕೆ ಹಾಕುವಾಗ ನಾನು, "ನನ್ನಿಂದ ಒಂದು ವರ್ಷ ನೀವು ಹೊಳೆ ಬಿಡೋ ಹಂಗಾತು ಹಾಲೇಶಣ್ಣ," ಎಂದೆ.

ಅವರು ಹಿಡಿಕೆ ತಿರುವುವುದನ್ನು ನಿಲ್ಲಿಸಿದರು. "ಕೈ ಹೋತು ಅಂತ ನಾನು ಹೊಳೆ ಬಿಟ್ಟಿದ್ದಲ್ಲ ಮೇಷ್ಟ್ರೇ. ನೀವು ಕರೀಲಿಲ್ಲ."

"ನಾನು ಹೆಂಗೆ ಕರೀಲಿ? ಕೆಡವಿದೋನು ನಾನು."

"ಬೇಕಂತ ಕೆಡವಿದ್ರಾ? ನನ್ನ ಮ್ಯಾಲೆ ಬ್ಯಾಸರ ಬಂದೈತೆ, ಇವ್ರಿಗೆ ಇನ್ನು ನಾನು ಬ್ಯಾಡ ಅಂದ್ಕಂಡೆ. ಕರೀದೆ ಹೆಂಗ್ರಿ ಬರಾಕಾಗ್ತೈತೆ? ಕರೆದಿದ್ರೆ ಸುಮ್ನೆ ಕೂರಾಕಾದ್ರೂ ಬರ್ತಿದ್ದೆ."

ನಮ್ಮ ಕಡೆಯ ರಿವಾಜು ನಿಮಗೂ ಗೊತ್ತು. ಪಕ್ಕದ ಮನೆಯ ತೊಟ್ಟಿಲ ಕಾರ್ಯಕ್ಕೂ ಯಾರಾದರೂ ಹೊಸ್ತಿಲಿಗೆ ಬಂದು ಬನ್ನಿ ಅನ್ನಬೇಕು. ಇಲ್ಲದಿದ್ದರೆ ಅಡುಗೆಯ ಘಮ ಮೂಗಿಗೆ ಬಡಿದರೂ ಮನೆಯಲ್ಲೇ ಇರುತ್ತೇವೆ. ಕರೆಯುವುದು ಕ್ರೂರ ಎಂದು ನಾನು, ಕರೆಯದೆ ಹೋಗುವುದು ಮರ್ಯಾದೆಯಲ್ಲ ಎಂದು ಅವರು, ಒಂದೇ ಕಾಂಪೌಂಡಿನಲ್ಲಿ ದಿನಕ್ಕೆ ಎಂಟು ಸಲ ಅದೇ ಗಂಟೆ ಕೇಳುತ್ತ ವರ್ಷ ಕಳೆದಿದ್ದೆವು. ನಾನು ಬೇರಿಂಗ್ ಎಣಿಸಿದ್ದೇನು, ಗೇರು ಗುಣಿಸಿದ್ದೇನು! ನಾಚಿಕೆಯಾಯಿತು. ನಾಚಿಕೆಗಿಂತ ದೊಡ್ಡದಾಗಿ ನೆಮ್ಮದಿಯಾಯಿತು. ಇವರಿಗೆ ನನ್ನ ಮೇಲೆ ಸಿಟ್ಟಿಲ್ಲ, ಇರಲೇ ಇಲ್ಲ.

ಇದಾಗಿ ಎರಡು ತಿಂಗಳು. ರೀಲು ಕರಕರ ಅನ್ನುತ್ತಿದೆ ಎಂದು ಹಾಲೇಶಣ್ಣ ನಿನ್ನೆ ನನ್ನ ಕೈಗೆ ಕೊಟ್ಟರು. ಬಿಚ್ಚಿದೆ, ಒರೆಸಿದೆ, ಎಣ್ಣೆ ಬಿಟ್ಟೆ. ಎಲ್ಲ ಜೋಡಿಸಿದ ಮೇಲೆ ಪೇಪರಿನ ಮೇಲೆ ಒಂದು ಪುಟ್ಟ ಸ್ಪ್ರಿಂಗು ಉಳಿದಿದೆ. ಮತ್ತೆ ಬಿಚ್ಚಿ ಜೋಡಿಸಿದರೆ ಸ್ಪ್ರಿಂಗಿನ ಜೊತೆಗೆ ಒಂದು ತಿರುಪೂ ಉಳಿಯಿತು. ಸಾಬರ ಅಂಗಡಿ ತೆರೆಯುವುದು ಇನ್ನು ಸೋಮವಾರ. ಮೊದಲಿನ ನಾನಾಗಿದ್ದರೆ ಇದು ಸರಿಯಾಗುವವರೆಗೆ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ.

ಫೋನು ಮಾಡಿದೆ. "ಹಾಲೇಶಣ್ಣ, ರೀಲು ಕೆಡಿಸಿಟ್ಟೀನಿ. ನಾಳೆ ಹೊಳೆಗೆ ಬರ್ರಿ."

"ರೀಲಿಲ್ದೆ ಏನ್ ಮಾಡಣ್ರಿ?"

"ಸುಮ್ನೆ ಕೂರಣ."

ಆ ಕಡೆ ಅವರು ನಕ್ಕದ್ದು ಕೇಳಿಸಿತು. "ಮಂಡಕ್ಕಿ ನಾನು ತರ್ತೀನಿ," ಎಂದರು.