ಹಿಪ್ಪೆಮರದ ಬುಡಕ್ಕೆ ಸುರಿದ ಮಣ್ಣು

ಹೊಸ ಮಣ್ಣಿನ ರಾಶಿ ಕಂಡರೆ ಈಗಲೂ ನಿಂತ ಕಡೆ ನಿಲ್ಲಲಾರೆ. ನಾನು ಹೆಚ್ಚು ಓದಿದವನಲ್ಲ, ತೋಚಿದಂತೆ ಬರೆಯುತ್ತಿದ್ದೇನೆ.

ಇಂಗ್ಲಿಷರ ಮೊದಲ ಮುತ್ತಿಗೆ ಮುಗಿದ ಮೇಲೆ ಶ್ರೀರಂಗಪಟ್ಟಣದ ಕೋಟೆಯೊಳಗೆ ಇನ್ನೊಂದು ಕಂದಕ ತೋಡತೊಡಗಿದರು. ಆ ಸಾಲಿನಲ್ಲೂ ಅದರ ಅಂಚಿನಲ್ಲೂ ಇದ್ದ ಮರಗಳನ್ನೆಲ್ಲ ಕಡಿಯುವ ಕೆಲಸ ನಮ್ಮಂಥ ಬಡಗಿಗಳದು. ಅಂಚಿಗಿದ್ದ ನಮ್ಮ ಹಿತ್ತಲಿನ ಹಿಪ್ಪೆಮರವೂ ಅದರಲ್ಲಿ ಸೇರಿತ್ತು. ಗಂಡ ತೀರಿಕೊಂಡು ನಮ್ಮ ಮನೆ ಸೇರಿದ್ದ ಅಕ್ಕ ಅದರ ಬೀಜದ ಎಣ್ಣೆ ಮಾರಿ ಬದುಕುತ್ತಿದ್ದಳು. ತಮ್ಮನ ಹಂಗಿನ ಮುದ್ದೆ ಉಣ್ಣಲು ಅವಳಿಗೆ ಮನಸ್ಸಿರಲಿಲ್ಲ. ನಾನು ಕಂದಕದ ಕೆಲಸದ ಮೇಸ್ತ್ರಿಯ ಕಾಲು ಹಿಡಿದು ಆ ಒಂದು ಮರ ಉಳಿಸಿಕೊಂಡೆ.

“ಮರಕ್ಕೆ ಕಾವಲು ನಿಲ್ಲೋ ಬಡಗೀನ ಇವತ್ತೇ ಕಂಡಿದ್ದು ಕಣಪ್ಪ,” ಎಂದು ಅವನು ನಕ್ಕ.

ಅಕ್ಕ ಬುಡದಿಂದ ಒಂದು ಮಾರು ಬಿಟ್ಟು ಸುತ್ತಲೂ ಕಲ್ಲು ಜೋಡಿಸಿದಳು. ತಂಗಿಯ ಬಾಣಂತನಕ್ಕೆಂದು ನಾಗಮಂಗಲಕ್ಕೆ ಹೊರಡುವಾಗ, “ಈ ಕಲ್ಲಿನ ಒಳಿಕ್ಕೆ ಒಂದು ಮಂಕರಿ ಮಣ್ಣೂ ಬೀಳ್ಬಾರ್ದು ಕಣ್ಲಾ. ಬೇರಿಗೆ ಉಸ್ರು ಕಟ್ತದೆ,” ಎಂದಳು.

ಮರವನ್ನು ಹಲಗೆಯಾಗಿಯೇ ಬಲ್ಲ ನನಗೆ ಆ ಮಾತು ಕೇಳಿ ನಗು ಬಂತು. ಕಂದಕದಿಂದ ಕತ್ತೆಗಳ ಮೇಲೆ ಬರುವ ಮಣ್ಣನ್ನು ಎಲ್ಲಿ ಸುರಿಸಲಿ ಎಂದು ಮೇಸ್ತ್ರಿ ಕೇಳಿದಾಗ, ಅವನ ಉಪಕಾರ ನೆನೆದು, “ನಮ್ಮ ಇತ್ಲಲ್ಲೇ ಸುರುಸಿ ಬುಡಿ,” ಎಂದೆ. ಕಲ್ಲುಗಳು ಮುಚ್ಚಿಹೋದವು. ಮಣ್ಣು ಸೊಂಟದೆತ್ತರ ಬಂತು.

ಮೂರು ತಿಂಗಳ ಮೇಲೆ ಅಕ್ಕ ಬಂದು ನೋಡಿದಳು.

“ನಾನಿಲ್ದಾಗ ಸುರ್ದ್ಬುಟ್ಟವ್ರೆ ಕಣಕ್ಕ,” ಎಂದೆ.

ಅವಳು ಮೇಸ್ತ್ರಿಯನ್ನು ಬಯ್ಯುತ್ತ ದಿನವೂ ಮಣ್ಣು ಹೊತ್ತು ಆಚೆ ಹಾಕಿದಳು. ನಾನೂ ಹೊತ್ತೆ. ಆದರೆ ಒಂದು ಮಂಕರಿ ಹೊರುವುದರೊಳಗೆ ಹತ್ತು ಸಲ ಬೀದಿ ಇಣುಕುತ್ತಿದ್ದೆ, ಮೇಸ್ತ್ರಿ ಬಂದು ನಿಜ ಆಡಿಬಿಟ್ಟಾನೆಂದು. ಕೊನೆಗೆ ಕಲ್ಲುಗಳು ಮತ್ತೆ ಕಂಡವು. ಮರ ಮಾತ್ರ ಮಾರನೆಯ ವರ್ಷ ತುದಿಯಿಂದ ಒಣಗುತ್ತ ಬಂತು, ಅದರ ಮುಂದಿನ ಬೇಸಿಗೆಗೆ ಚಿಗುರಲೇ ಇಲ್ಲ.

ಮರ ಕಡಿಯುವ ಹಿಂದಿನ ಸಂಜೆ ಬುಡಕ್ಕೆ ಕೊಡಲಿ ಒರಗಿಸಿ, ಮನೆಯವರು ಮರ ಮುಟ್ಟಿ ತಮ್ಮ ತಮ್ಮ ತಪ್ಪು ಹೇಳಿಕೊಳ್ಳುವುದು ನಮ್ಮಲ್ಲಿ ಪದ್ಧತಿ. ಅಕ್ಕ ಮೊದಲು ಮುಟ್ಟಿದಳು.

“ನಿನ್ನ ಬುಟ್ಟು ಓಗಿದ್ದು ನನ್ನ ತಪ್ಪು ಕಣವ್ವ. ನಾನಿದ್ದಿದ್ರೆ ಸುರೀತಿದ್ರಾ?” ಆಮೇಲೆ ನನ್ನ ಕಡೆ ತಿರುಗಿದಳು. “ನಿಂದೇನಾರ ಇದ್ರೆ ಯೋಳ್ಕೊಳ್ಲಾ.”

ತೊಗಟೆಯ ಮೇಲೆ ಕೈ ಇಟ್ಟೆ. “ಏನೂ ಇಲ್ಲಕ್ಕ,” ಎಂದೆ.

“ನಿಂದೇನಿದ್ದದು ಬುಡು. ಉಳ್ಸಿದೋನೇ ನೀನು.”

ಬೆಳಿಗ್ಗೆ ಆ ಕೊಡಲಿಯನ್ನು ನಾನೇ ಎತ್ತಿದೆ. ಆಮೇಲೆ ಅಕ್ಕ ಇದ್ದಷ್ಟು ದಿನವೂ ನನ್ನ ಮನೆಯ ಮುದ್ದೆಯನ್ನೇ ಉಂಡಳು. ಅವಳು ತಟ್ಟೆಯ ಮುಂದೆ ಕೂತರೆ ನಾನು ಅರ್ಧ ಊಟಕ್ಕೇ ಎದ್ದುಬಿಡುತ್ತಿದ್ದೆ.