ಎರಡನೇ ಏಟು

ನಾನು ನನ್ನ ಭಾವನ ಕೈ ಮುರಿದದ್ದು ಕಡಬದಿಂದ ಆಚೆ, ಒಂದು ಹಳೆಯ ಕೂಪು ದಾರಿಯ ಏರಿನಲ್ಲಿ. ಅರುವತ್ತರ ದಶಕದ ಮೊದಲ ವರ್ಷಗಳು. ನನಗೆ ಇಪ್ಪತ್ತೆಂಟು. ಪುತ್ತೂರಿನ ದರ್ಬೆಯಲ್ಲಿ ನನ್ನದೊಂದು ಸಣ್ಣ ಗ್ಯಾರೇಜಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಪಿಕಪ್ ಗಾಡಿಗಳು ಕೈಯಿಂದ ಕೈಗೆ ದಾಟಿ ನಮ್ಮ ಕಡೆಗೂ ಬಂದಿದ್ದವು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಸಿಗುವ ಅಂಥ ಒಂದು ಗಾಡಿ ನನ್ನಲ್ಲಿತ್ತು, ಇನ್ನೊಂದು ಪಂಜದಲ್ಲಿದ್ದ ಅಕ್ಕನ ಗಂಡ, ಈ ಭಾವನಲ್ಲಿತ್ತು. ಮಳೆ ಬಿಟ್ಟ ಮೇಲೆ ಭಾನುವಾರಗಳಲ್ಲಿ ನಾವು ಕಾಡಿಗೆ ಹೋಗುತ್ತಿದ್ದೆವು. ಬೇಟೆಗಲ್ಲ, ಮರಕ್ಕೂ ಅಲ್ಲ. ಮರ ಕಡಿದು ಸಾಗಿಸಿದ ಮೇಲೆ ಯಾರಿಗೂ ಬೇಡವಾಗಿ ಬಿದ್ದಿರುತ್ತಿದ್ದ ಕೂಪು ದಾರಿಗಳಲ್ಲಿ ಗಾಡಿ ಹತ್ತುತ್ತದೋ ಇಲ್ಲವೋ ನೋಡುವುದಕ್ಕೆ. ಕೇಳಿದವರು ನಗುತ್ತಿದ್ದರು. “ರಸ್ತೆ ಉಂಟಲ್ಲ ಮಾರಾಯ, ಅದರಲ್ಲಿ ಹೋಗುದಕ್ಕೆ ಎಂತ ಕಷ್ಟ?” ಎನ್ನುತ್ತಿದ್ದರು.

ನಮ್ಮ ಜೊತೆ ಮೂರನೆಯವನೊಬ್ಬ ಬರುತ್ತಿದ್ದ. ಪುತ್ತೂರು ಸುಳ್ಯ ನಡುವೆ ಓಡುವ ಬಸ್ಸಿನಲ್ಲಿ ಕಂಡಕ್ಟರ್. ನನಗಿಂತ ಎರಡು ವರ್ಷ ದೊಡ್ಡವನು, ಇಬ್ಬರು ಹೆಣ್ಣುಮಕ್ಕಳ ತಂದೆ. ಅವನಲ್ಲಿ ಗಾಡಿ ಇರಲಿಲ್ಲ. ಗಾಡಿ ಬಿಡುವ ಆಸೆ ಮಾತ್ರ ನಮ್ಮಿಬ್ಬರಿಗಿಂತ ಹೆಚ್ಚಿತ್ತು. ಬಯಲಿನಲ್ಲಿ ನನ್ನ ಪಿಕಪ್ಪನ್ನು ಅವನ ಕೈಗೆ ಕೊಟ್ಟು ಕಲಿಸಿದ್ದೆ. ಭಾವ ತನ್ನ ಗಾಡಿಯ ಸ್ಟಿಯರಿಂಗ್ ಮುಟ್ಟಲೂ ಬಿಟ್ಟವನಲ್ಲ. “ನೀನು ವಿಸಿಲ್ ಊದು, ಸಾಕು,” ಎನ್ನುತ್ತಿದ್ದ.

ಭಾವ ಗಾಡಿ ಬಿಡುವುದೆಂದರೆ ಹೊಡೆದಾಟವೇ. ಬಂಡೆ ಅಡ್ಡ ಬಂದರೆ ಬಳಸುವ ಮನುಷ್ಯನಲ್ಲ, ಅದಕ್ಕೆ ಗುದ್ದಿಯೇ ದಾಟಬೇಕು. ಗೇರು ಬೀಳದಿದ್ದರೆ ಒದೆಯುತ್ತಿದ್ದ. ಅವನ ಕೈ ಎಲ್ಲರ ಮೇಲೂ ಏಳುತ್ತಿತ್ತು. ಮದುವೆಯಾಗಿ ಎರಡನೇ ವರ್ಷ ಅಕ್ಕನ ಕಿವಿಯ ಹಿಂದೆ ಕಪ್ಪಾಗಿ ಬಾತದ್ದನ್ನು ನಾನು ನೋಡಿದ್ದೆ. ನೋಡಿ, ಅವಳು ಬಡಿಸಿದ ಊಟ ಮಾಡಿ, ಭಾವನ ಜೊತೆ ಟಯರಿನ ವಿಷಯ ಮಾತಾಡಿ ಬಂದಿದ್ದೆ.

ಆ ಭಾನುವಾರ ಮಧ್ಯಾಹ್ನದ ಹೊತ್ತಿಗೆ ಗುಡ್ಡದ ಅರ್ಧ ಹತ್ತಿದ್ದೆವು. ನಾನು ಮುಂದೆ, ಭಾವ ಹಿಂದೆ. ಮಳೆನೀರು ಕೊರೆದ ಒಂದು ಕಣಿಯಲ್ಲಿ ಅವನ ಗಾಡಿಯ ಎಡಗಡೆಯ ಎರಡು ಚಕ್ರ ಇಳಿದವು. ಅವನು ರೋಷದಿಂದ ಆಕ್ಸಿಲರೇಟರ್ ಒತ್ತಿದಷ್ಟೂ ಗಾಡಿ ಹೂತಿತು, ಕೊನೆಗೆ ಅಚ್ಚು ನೆಲಕ್ಕೆ ತಾಗಿತು. ಮರ ಎಳೆಯುವ ಕಬ್ಬಿಣದ ರೋಪೊಂದು ಭಾವನಲ್ಲಿತ್ತು. ಅದರ ಒಂದು ತುದಿಯನ್ನು ನನ್ನ ಗಾಡಿಯ ಹಿಂಬದಿಗೆ, ಕೊಕ್ಕೆಯಿರುವ ಇನ್ನೊಂದು ತುದಿಯನ್ನು ಅವನದರ ಮುಂಬದಿಗೆ ಕಟ್ಟಿ, ನಾವಿಬ್ಬರೂ ನಮ್ಮ ನಮ್ಮ ಗಾಡಿ ಹತ್ತಿ ಕೂತೆವು. ಕಂಡಕ್ಟರ್ ರೋಪಿನ ಉದ್ದಕ್ಕೂ ಕೈಯಾಡಿಸುತ್ತಾ ಬಂದು ನಡುವೆ ನಿಂತ.

“ಇಲ್ಲಿ ಎಳೆ ತುಂಡಾಗಿದೆ. ಜರ್ಕ್ ಹೊಡಿಬೇಡಿ. ಮೊದಲು ಮಣ್ಣು ಬಿಡಿಸುವ,” ಎಂದ.

“ನಿನ್ನನ್ನು ಕೇಳಿದವರು ಯಾರು? ಸರಿ ಆಚೆ,” ಎಂದ ಭಾವ.

“ಬೊಡ್ಚಿ ಮಾರಾಯ್ರೆ, ಬೊಡ್ಚಿ. ಬೇಡ.” ಗಾಬರಿಯಾದಾಗ ಅವನಿಗೆ ತುಳುವೇ ಮೊದಲು ಬರುತ್ತಿತ್ತು.

ಭಾವ ಗಾಡಿಯಿಂದ ಇಳಿದು ಅವನ ಕೆನ್ನೆಗೆ ಹೊಡೆದ. ಏನೂ ಆಗದವನಂತೆ ಮತ್ತೆ ಹತ್ತಿ ಕೂತು ನನಗೆ ಕೈಸನ್ನೆ ಮಾಡಿದ. ಇದೆಲ್ಲ ನನಗೆ ಕನ್ನಡಿಯಲ್ಲಿ ಕಂಡಿತು. ನಾನು ಇಳಿಯಬಹುದಿತ್ತು. ಇಳಿಯಲಿಲ್ಲ. ಎರಡು ಮಾರು ಹಿಂದೆ ಬಂದು, ರೋಪನ್ನು ಸಡಿಲ ಬಿಟ್ಟು, ಗಾಡಿಯನ್ನು ಒಮ್ಮೆಲೇ ಮುಂದಕ್ಕೆ ಹಾರಿಸಿದೆ. ಜರ್ಕ್ ಹೊಡೆದದ್ದು ನಾನೇ.

ಕೋವಿ ಸಿಡಿದಂಥ ಸದ್ದಾಯಿತು. ನಾನು ಓಡಿ ಬರುವಾಗ ಕಂಡಕ್ಟರ್ ದಾರಿಯ ಬದಿಯಲ್ಲಿ ಮಂಡಿಯೂರಿದ್ದ. ತುಂಡಾದ ರೋಪು ತಿರುಗಿ ಬೀಸಿ ಅವನ ದವಡೆಗೆ ಬಡಿದಿತ್ತು. ಮುಖದ ಕೆಳಗಿನ ಭಾಗ ಒಂದು ಕಡೆಗೆ ಸರಿದಿತ್ತು. ಅವನು ಬೊಗಸೆಯೊಡ್ಡಿ ಬಾಯಿಯಿಂದ ಬೀಳುವುದನ್ನು ಹಿಡಿಯುತ್ತಿದ್ದ, ರಕ್ತದಲ್ಲಿ ಹಲ್ಲುಗಳಿದ್ದವು.

ಭಾವ ಸ್ಟಿಯರಿಂಗಿನ ಹಿಂದಿನಿಂದಲೇ ಹೇಳಿದ: “ಅಲ್ಲಿ ನಿಲ್ಲಿಕ್ಕೆ ಅವನಿಗೆ ಹೇಳಿದ್ದು ಯಾರು?”

ಎಂಜಿನ್ ತಿರುಗಿಸುವ ಕಬ್ಬಿಣದ ಹ್ಯಾಂಡಲ್ ನನ್ನ ಸೀಟಿನ ಅಡಿಯಲ್ಲಿತ್ತು. ಅದನ್ನು ತಂದದ್ದು ನೆನಪಿಲ್ಲ, ಕೈಯಲ್ಲಿ ಇದ್ದದ್ದು ನೆನಪುಂಟು. ಭಾವನನ್ನು ಅಂಗಿ ಹಿಡಿದು ಕೆಳಕ್ಕೆ ಎಳೆದೆ. ಅವನು ಬಲಗೈ ಎತ್ತಿದ. ಹೊಡೆದೆ. ಮುಂಗೈ ಮುರಿದ ಸದ್ದು ನನಗೆ ಕೇಳಿತು. ಅವನು ಕೂಗಿ ಮಣ್ಣಿಗೆ ಬಿದ್ದ, ಮುರಿದ ಕೈಯನ್ನು ಹೊಟ್ಟೆಗೆ ಅವುಚಿಕೊಂಡ. ಅಲ್ಲಿಗೆ ಮುಗಿಯಬೇಕಿತ್ತು. ಬಿದ್ದವನ ಭುಜಕ್ಕೆ ನಾನು ಇನ್ನೊಂದು ಏಟು ಹಾಕಿದೆ. ಮೊದಲನೆಯದಕ್ಕಿಂತ ಅದು ಜೋರಾಗಿತ್ತು.

ಮೂರನೆಯದಕ್ಕೆ ಹ್ಯಾಂಡಲ್ ಎತ್ತುವಷ್ಟರಲ್ಲಿ ಭಾವ ಎಡಗೈಗೆ ಸಿಕ್ಕಿದ ಮುರಕಲ್ಲಿನ ತುಂಡೊಂದನ್ನು ನನ್ನ ಎಡಪಾದದ ಮೇಲೆ ಕುಟ್ಟಿದ. ನಾನೂ ಬಿದ್ದೆ. ಹಾವುಗಳ ಹಾಗೆ ಮಣ್ಣಿನಲ್ಲಿ ಹೊರಳಾಡಿದೆವು. ಅವನು ನನ್ನ ಕೊರಳ ಬುಡಕ್ಕೆ ಕಚ್ಚಿದ, ನಾನು ಅವನ ಮುರಿದ ಕೈಯನ್ನೇ ಹಿಡಿದು ತಿರುಚಿದೆ. ನಮ್ಮನ್ನು ಬಿಡಿಸಿದವನು ಕಂಡಕ್ಟರ್. ಬಾಯಿಂದ ಒಂದು ಮಾತೂ ಹೊರಡದೆ, ಒಬ್ಬೊಬ್ಬರನ್ನೇ ಕುತ್ತಿಗೆಪಟ್ಟಿ ಹಿಡಿದೆಳೆದು ಬೇರೆ ಮಾಡಿದ. ಅವನ ರಕ್ತ ನಮ್ಮಿಬ್ಬರ ಮೇಲೂ ಸುರಿಯಿತು.

ಇನ್ನು ಗಾಡಿ ಬಿಡುವವರು ಯಾರು? ಭಾವನ ಕೈ ಹೋಗಿತ್ತು. ನನ್ನ ಪಾದ ಊರಲಾಗುತ್ತಿರಲಿಲ್ಲ, ಕ್ಲಚ್ ಒತ್ತುವ ಕಾಲೇ ಅದು. ಕಂಡಕ್ಟರ್ ಹೆಗಲ ಮೇಲಿನ ಬೈರಾಸು ಟವೆಲನ್ನು ಗಲ್ಲದ ಅಡಿಯಿಂದ ತಲೆಯ ಮೇಲಕ್ಕೆ ಬಿಗಿದು ಕಟ್ಟಿಕೊಂಡ. ಭಾವನನ್ನು ನನ್ನ ಪಿಕಪ್ಪಿನ ಹಿಂದಕ್ಕೆ ಹತ್ತಿಸಿದ, ನನ್ನನ್ನು ಪಕ್ಕದ ಸೀಟಿಗೆ. ಆಮೇಲೆ ಸ್ಟಿಯರಿಂಗ್ ಹಿಡಿದು ಕೂತ.

ಬಯಲು ಬಿಟ್ಟು ಬೇರೆಲ್ಲೂ ಗಾಡಿ ಬಿಡದವನು ಅವನು. ಆ ಇಳಿಜಾರನ್ನು ನಾನು ಕೂಡ ಹೆದರಿಕೊಂಡೇ ಇಳಿಯುತ್ತಿದ್ದೆ. “ಫಸ್ಟ್ ಗೇರ್, ಬ್ರೇಕ್ ಮುಟ್ಟಬೇಡ,” ಎಂದು ಶುರುಮಾಡಿದೆ. ಅವನು ಕೈಯೆತ್ತಿ ಸುಮ್ಮನಿರಲು ಹೇಳಿದ. ಹಿಂದಿನಿಂದ ಭಾವ ಕಾಲಿನಲ್ಲಿ ಹಲಗೆಗೆ ಒದೆಯುತ್ತಾ, “ನಿನ್ನನ್ನು ಕೊಲ್ತೇನೆ, ಇಬ್ಬರನ್ನೂ ಕೊಲ್ತೇನೆ,” ಎಂದು ಅರಚುತ್ತಿದ್ದ. ಗಾಡಿ ಕುಲುಕಿದಾಗೆಲ್ಲ ಬೈಗುಳ ಬೊಬ್ಬೆಯಾಗುತ್ತಿತ್ತು. ಕಂಡಕ್ಟರ್ ಆಗಾಗ ಹೊರಗೆ ಬಗ್ಗಿ ರಕ್ತ ಉಗುಳುತ್ತಿದ್ದ. ಬಂಡೆಗಳ ನಡುವೆ ಅವನು ಚಕ್ರ ಇಳಿಸಿದ ರೀತಿಯನ್ನು ನಾನು ನೋವಿನಲ್ಲೂ ನೋಡಿದೆ. ಒಂದು ಕಲ್ಲಿಗೂ ಗುದ್ದಲಿಲ್ಲ. ಕೆಳಗಿನ ಹೊಳೆಯಲ್ಲಿ ನೀರು ಗಾಡಿಯ ಮೆಟ್ಟಲಿನವರೆಗೆ ಬಂತು; ನಿಲ್ಲಿಸದೆ, ಓಡಿಸದೆ, ಒಂದೇ ಹದದಲ್ಲಿ ದಾಟಿಸಿದ.

ಪುತ್ತೂರಿನಲ್ಲಿ ಡಾಕ್ಟರು ಮೊದಲು ಅವನನ್ನು ಮಲಗಿಸಿದರು. ಏನಾಯಿತೆಂದು ಬರೆಯಲು ಕಾಗದ ಕೊಟ್ಟರು. ‘ರೋಪು ತುಂಡಾಯಿತು’ ಎಂದು ಬರೆದ. ಡಾಕ್ಟರು ಭಾವನ ಕೈ ನೋಡಿ, ನನ್ನ ಕುತ್ತಿಗೆಯಲ್ಲಿ ಮೂಡಿದ್ದ ಹಲ್ಲಿನ ಗುರುತು ನೋಡಿ, “ಇದೂ ರೋಪೇ ಕಚ್ಚಿದ್ದಾ?” ಎಂದು ಕೇಳಿದರು.

ಮೂರನೇ ದಿನ ಅಕ್ಕ ಪಂಜದಿಂದ ಬಸ್ಸಿನಲ್ಲಿ ಬಂದಳು. ನಾನು ಗ್ಯಾರೇಜಿನ ಒಳಗೆ ಕಾಲು ಚಾಚಿ ಕೂತಿದ್ದೆ. ಅವಳು ಕುಳಿತುಕೊಳ್ಳಲಿಲ್ಲ.

“ನನಗೋಸ್ಕರ ನೀನು ಅವರಿಗೆ ಹೊಡೆದೆ ಅಂತ ಊರಲ್ಲಿ ಮಾತಾಡ್ತಾರೆ. ಹೌದಾ?”

ಹೌದು ಎಂದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. “ಅಲ್ಲ,” ಎಂದೆ.

“ಅಲ್ಲ ಅಂತ ನನಗೆ ಗೊತ್ತುಂಟು. ನನಗೋಸ್ಕರ ಹೊಡೆಯುದಾದ್ರೆ ಆರು ವರ್ಷ ಕಾಯ್ತಿರಲಿಲ್ಲ ನೀನು.”

ಅಷ್ಟು ಹೇಳಿ ಹೋದಳು. ಎರಡು ವರ್ಷ ನನ್ನ ಜೊತೆ ಮಾತಾಡಲಿಲ್ಲ. ಮತ್ತೆ ಮಾತು ಶುರುವಾದ ಮೇಲೆ ಒಂದು ದಿನ ಅವಳೇ ಹೇಳಿದ್ದು: ಬಲಗೈಗೆ ಪ್ಲಾಸ್ಟರ್ ಇದ್ದಾಗ ಭಾವ ಒಮ್ಮೆ ಎಡಗೈ ಎತ್ತಿದನಂತೆ. ಅವಳು ಅಕ್ಕಿ ಅರೆಯುತ್ತಿದ್ದ ಗುಂಡುಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, “ಇದು ನಿಮ್ಮ ಎಡಗೈಗೆ,” ಎಂದಳಂತೆ. ಆಮೇಲೆ ಅವನ ಕೈ ಏಳಲಿಲ್ಲವಂತೆ. ಹೇಳುವಾಗ ಅವಳು ನಗುತ್ತಿದ್ದಳು. ನನಗೆ ನಗು ಬರಲಿಲ್ಲ.

ಕಂಡಕ್ಟರನ ದವಡೆ ಕೂಡಿದ್ದು ಸೊಟ್ಟಗೆ. ವಿಸಿಲ್ ಊದಲು, ಊರುಗಳ ಹೆಸರು ಕೂಗಲು ಆಗುತ್ತಿರಲಿಲ್ಲ. ನಾನು ಬಸ್ಸಿನ ಧಣಿಗಳ ಮನೆಗೆ ಹೋಗಿ, ಅವನು ಆ ದಿನ ಗುಡ್ಡ ಇಳಿಸಿದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ, ನನ್ನ ತಪ್ಪನ್ನೂ ಸೇರಿಸಿ. ಲೈಸೆನ್ಸ್ ಮಾಡಿಸಿಕೊಂಡು ಅವನು ಅದೇ ಬಸ್ಸಿಗೆ ಡ್ರೈವರಾದ.

ಭಾವ ನನ್ನ ಗ್ಯಾರೇಜಿಗೆ ಬಂದದ್ದು ಮುಂದಿನ ಮಳೆಗಾಲ ಕಳೆದ ಮೇಲೆ. ಬಾಗಿಲಲ್ಲೇ ನಿಂತ. ಬಲಗೈ ಮೊದಲಿಗಿಂತ ಸಪೂರವಾಗಿತ್ತು.

“ಮೊದಲನೇ ಏಟು ನನಗೆ ಬೀಳಬೇಕಾದ್ದೇ. ಎರಡನೆಯದು ಎಂತಕ್ಕೆ ಹೊಡೆದದ್ದು?”

ಆ ಪ್ರಶ್ನೆಯನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೆ. “ಹೊಡೆಯುವಾಗ ಖುಷಿಯಾಯಿತು, ಭಾವ,” ಎಂದೆ.

ಅವನು ನನ್ನ ಮುಖ ನೋಡಿದ. ಸಿಟ್ಟಿನಿಂದಲ್ಲ. ಊರಿನವನನ್ನು ಪರವೂರಿನ ಸಂತೆಯಲ್ಲಿ ಕಂಡವನ ಹಾಗೆ. “ಹೌದು. ಹಾಗೇ ಆಗುದು,” ಎಂದ. ಚಹಾ ತರಿಸಿದೆ, ಕುಡಿದ, ಹೋದ.

ಅವನು ಮತ್ತೆ ಕಾಡಿಗೆ ಬರಲಿಲ್ಲ. ಮರುವರ್ಷದಿಂದ ನಾನು, ಕಂಡಕ್ಟರ್ ಇಬ್ಬರೇ ಹೋದೆವು. ಹೆಚ್ಚಾಗಿ ನಾನು ಪಕ್ಕದ ಸೀಟಿನಲ್ಲಿ ಕೂರುತ್ತಿದ್ದೆ.