ಸರ್ ಒಲ್ಲೆನೆಂದ ಬನ್ನಿ

ನಮ್ಮ ಕೆಮಿಸ್ಟ್ರಿ ಸರ್ ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಸದಾ ಹಳದಿ. ಅರಿಸಿನವಲ್ಲ, ನೈಟ್ರಿಕ್ ಆಸಿಡ್ಡು. "ಇದು ತೊಳದ್ರ ಹೋಗೂದಿಲ್ಲ, ಚರ್ಮಾನ ಸುಲದ ಹೋಗಬೇಕು" ಎಂದು ಮೊದಲ ದಿನವೇ ಕೈ ಎತ್ತಿ ತೋರಿಸಿ, ಯಾವಗಲ್ ಹಳ್ಳಿಯಿಂದ ಬಸ್ಸಿಗೆ ಬರುತ್ತಿದ್ದ ನಮ್ಮಂಥ ಹುಡುಗಿಯರನ್ನು ಹೆದರಿಸಿದ್ದರು. ಹೆದರಿಸಿದವರೇ ಬರ್ನರ್ ಹಚ್ಚಲು ಕಡ್ಡಿಪೆಟ್ಟಿಗೆಯನ್ನು ನಮ್ಮ ಕೈಗೆ ಕೊಟ್ಟರು.

ರೋಣದ ಆ ಕಾಲೇಜಿನಲ್ಲಿ ಉಳಿದವರು ಪ್ರಾಕ್ಟಿಕಲ್ ಎಂದರೆ ಸಹಿ ಹಾಕಿ ಮನೆಗೆ ಕಳಿಸುತ್ತಿದ್ದರು. ಸರ್ ಬಿಡುತ್ತಿರಲಿಲ್ಲ. ಬಣ್ಣ ಸರಿಯಾಗಿ ಬರದಿದ್ದರೆ ಮತ್ತೆ ಮಾಡು. ಕೊನೆಯ ಬಸ್ಸು ತಪ್ಪಿದರೆ? "ನಮ್ಮ ಮನ್ಯಾಗ ಇರ್ರಿ, ರೊಟ್ಟಿಗೇನ್ ಬರಗಾಲಿಲ್ಲ."

ಅಲ್ಲಿಂದ ಹೊರಟ ನಾನು ಈಗ ಧಾರವಾಡದಲ್ಲಿ ಕಂಪ್ಯೂಟರಿನೊಳಗೆ ಕೆಮಿಸ್ಟ್ರಿ ಮಾಡುವವಳು. ಒಂದು ಅಣುವಿನ ಲೆಕ್ಕಕ್ಕೆ ಮೊದಲು ವಾರಗಟ್ಟಲೆ ಹಿಡಿಯುತ್ತಿತ್ತು. ಅಂಥ ಸಾವಿರಾರು ಲೆಕ್ಕ ನೋಡಿ ಕಲಿತ ಯಂತ್ರ ಈಗ ರೆಪ್ಪೆ ಬಡಿಯುವಷ್ಟರಲ್ಲಿ ಉತ್ತರ ಅಂದಾಜು ಮಾಡುತ್ತದೆ. ಯಾಂತ್ರಿಕ ಕೈಯೊಂದು ತಾನೇ ತೂಗಿ, ಬೆರೆಸಿ, ಕಾಸಿ ನೋಡುತ್ತದೆ. ಸರ್ ಇದನ್ನು ಕೇಳಿ ಹಿಗ್ಗಿಹೋಗಿದ್ದರು. ನಿವೃತ್ತರಾದ ಮೇಲೂ ಫೋನು ಮಾಡಿ, "ನಿನ್ನ ಯಂತ್ರ ಏನಂತೈತಿ?" ಎಂದು ಬೀಗರ ಮನೆಯ ಕೂಸಿನ ಸುದ್ದಿ ಕೇಳುವಂತೆ ಕೇಳುತ್ತಿದ್ದರು.

ಅವರ ಒತ್ತಾಯಕ್ಕೇ ನಾನು ಕಾಲೇಜಿಗೆ ಬಂದು ಭಾಷಣ ಮಾಡಿದ್ದು. ಗಜೇಂದ್ರಗಡದ ನೇಕಾರರ ನೂಲಿಗೆ ಗಟ್ಟಿಯಾಗಿ ಹಿಡಿಯುವ ಬಣ್ಣವೊಂದನ್ನು ನಮ್ಮ ಯಂತ್ರ ಹುಡುಕಿಕೊಟ್ಟ ಕಥೆ ಹೇಳಿದೆ. ಅದೇ ಯಂತ್ರ ಖಾತ್ರಿ ಎಂದ ಇನ್ನೊಂದು ಬಣ್ಣ ಪಾತ್ರೆಯ ತಳದಲ್ಲಿ ಡಾಂಬರಿನಂತೆ ಅಂಟಿ ಕೂತದ್ದನ್ನೂ ಹೇಳಿದೆ. ಮಾಡಿ ನೋಡದೆ ಯಾವುದನ್ನೂ ನಂಬಬೇಡಿ ಎಂದೆ. ಮೊದಲರ್ಧಕ್ಕೆ ಚಪ್ಪಾಳೆ ತಟ್ಟಿದ ಸಂಸ್ಥೆಯ ಚೇರ್ಮನ್ನರು ಎರಡನೆಯ ಅರ್ಧದ ಹೊತ್ತಿಗೆ ಹೊರಗೆ ನಿಂತು ಫೋನಿನಲ್ಲಿ ಕಡಲೆಯ ದರ ಮಾತಾಡುತ್ತಿದ್ದರು.

ತಿಂಗಳೊಳಗೆ ಲ್ಯಾಬು ಹೋಯಿತು. ನಲ್ಲಿ ಕಿತ್ತರು, ಗ್ಯಾಸು ಕಡಿದರು, ಕಲ್ಲಿನ ಕಟ್ಟೆ ಒಡೆದು ಗೋಡೆಗೆ ದೊಡ್ಡ ಪರದೆ ಹಾಕಿದರು. ಯಾಕೆ ಎಂದವರಿಗೆಲ್ಲ ಚೇರ್ಮನ್ನರದು ಒಂದೇ ಉತ್ತರ: "ನಮ್ಮ ಕಾಲೇಜಿನ ಹುಡುಗೀನ ಹೇಳ್ಯಾಳಲ್ರಿ, ಇನ್ನ ಎಲ್ಲಾ ಕಂಪ್ಯೂಟರ್ ಮಾಡತೈತಿ ಅಂತ." ನಾನು ಆಡದ ಮಾತಿಗೆ ನನ್ನ ಹೆಸರು. ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ.

ಗಾಬರಿಯಾಗಿ ಸರ್‌ಗೆ ಫೋನು ಮಾಡಿದೆ. "ನಿಂದೇನ್ ತಪ್ಪಿಲ್ಲವ್ವ," ಎಂದರು. "ಒಲಿ ಒಡದು ಅಡಗಿ ಕಲಿಸ್ತೀನಿ ಅನ್ನೋರಿಗೆ ಏನ್ ಹೇಳೂದು? ನಾಳೆ ಆ ಯಂತ್ರ ತಪ್ಪು ಹೇಳಿದ್ರ, ತಪ್ಪಂತ ಹೇಳೂ ಹುಡುಗೂರು ಎಲ್ಲಿಂದ ಬರ್ತಾರ?" ಆಡಳಿತ ಮಂಡಳಿಯ ಬಾಗಿಲಿಗೆ ಅಲೆದು ಅಲೆದು ಅವರ ಚಪ್ಪಲಿ ಸವೆಯಿತು. ಚಹಾ ಕೊಟ್ಟು ಕಳಿಸಿದರು, ಅಷ್ಟೇ.

ಆಮೇಲೆ ದಸರೆ ಬಂತು. ನಮ್ಮ ಕಡೆ ಬನ್ನಿ ಕೊಡುವ ಸಂಜೆ ವೈರಿಗಳೂ ಒಬ್ಬರ ಕೈಗೊಬ್ಬರು ಬನ್ನಿ ಎಲೆಯಿಟ್ಟು ಬಂಗಾರ ಅನ್ನುತ್ತಾರೆ. ಬೇಡವೆಂದವರನ್ನು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ, ಕೇಳಿಯೂ ಇರಲಿಲ್ಲ. ಚೇರ್ಮನ್ನರೂ ಸರ್ ಅವರ ಹಳೆಯ ವಿದ್ಯಾರ್ಥಿಯೇ. ನಾನು ಸರ್ ಮನೆಗೆ ಹೋಗಿ ಅವರ ಕಾಲು ಮುಟ್ಟಿ ಪಕ್ಕಕ್ಕೆ ಸರಿದಿದ್ದೆ, ಅಷ್ಟರಲ್ಲಿ ಚೇರ್ಮನ್ನರು ಮಂದಿ ಕಟ್ಟಿಕೊಂಡು ಬಂದು, ಬಾಗಿ, ಎಲೆ ಚಾಚಿದರು. "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಸರ."

ಸರ್ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

"ಹಬ್ಬದ ದಿನ ಒಲ್ಲೆ ಅನಬಾರದ್ರಿ ಸರ," ಚೇರ್ಮನ್ನರು ನಗಲು ನೋಡಿದರು.

"ಗೊತ್ತೈತಿ. ಲ್ಯಾಬಿಗೆ ನೀರು, ಗ್ಯಾಸು ಬರಲಿ. ಅವತ್ತ ಒಣಗಿದ ಎಲಿ ತಂದ್ರೂ ತಗೋತೀನಿ. ಇವತ್ತ ಒಲ್ಲೆ."

ಚೇರ್ಮನ್ನರು ಎಲೆಯನ್ನು ಜೇಬಿಗೆ ಹಾಕಿಕೊಂಡು ಹೋದರು. ಊರು ಬೈದದ್ದು ಸರ್‌ ಅವರನ್ನೇ. ಮುದುಕಗ ಸೊಕ್ಕು ಬಂದೈತಿ ಅಂದರು. ಲ್ಯಾಬು ಒಡೆಯುವಾಗ ಬಾಯಿಗೆ ಬೀಗ ಹಾಕಿಕೊಂಡಿದ್ದ ಮಂದಿ ಒಂದು ಎಲೆಗಾಗಿ ವಾರವಿಡೀ ಮಾತಾಡಿದರು.

ಚಳಿ ಮುಗಿಯುವ ಮೊದಲೇ ಸರ್ ಹೋದರು. ಮಲಗಿದವರು ಏಳಲಿಲ್ಲ. ಅಣು ಎಂದರೆ ಸುಡುತ್ತದೆ, ನಾರುತ್ತದೆ, ಹೇಳಿದ ಮಾತು ಕೇಳುವುದಿಲ್ಲ ಎಂದು ನನಗೆ ಗೊತ್ತಿರುವುದು ಅವರಿಂದ. ಯಂತ್ರದ ಉತ್ತರವನ್ನು ಅನುಮಾನಿಸುವ ಧೈರ್ಯವೂ ಅವರದೇ.

ಹೋದ ವಾರ ಚೇರ್ಮನ್ನರು ಫೋನು ಮಾಡಿದ್ದರು. ಪರದೆಯ ಕೋಣೆಗೆ ಸರ್ ಹೆಸರಿಟ್ಟು ದೊಡ್ಡ ಬೋರ್ಡು ಹಾಕಿಸಿದ್ದಾರಂತೆ. "ಅವರ ಶಿಷ್ಯೆ ನೀವು. ಉದ್ಘಾಟನಾಕ್ಕ ನೀವ ಬರಬೇಕ್ರಿ."

ಸಾಯುವ ತನಕ ಬೇಡವೆಂದು ಬಡಿದಾಡಿದ ಕೋಣೆಗೆ ಅವರದೇ ಹೆಸರು.

"ಬರ್ತೀನ್ರಿ," ಎಂದೆ. "ನಟ್ ಬೋಲ್ಟ್ ತಗಿಯೂ ಪಾನಾ ತಗೊಂಡ ಬರ್ತೀನಿ. ಮೊದಲ ಆ ಬೋರ್ಡ್ ಬಿಚ್ಚೂಣು."